ಕರಡಿ ನೋಡಿ ಬಂದವರು

ಗುಡ್ಡದ ಬುಡದಲ್ಲಿ ಒಂದು ಊರಿತ್ತು. ಊರಿನ ಒಂದು ಮಗ್ಗುಲಿಗೆ ಹೊಳೆ, ಇನ್ನೊಂದು ಮಗ್ಗುಲಿಗೆ ಗುಡ್ಡ. ಹೊಳೆ ದಾಟಿದರೆ ಬೇರೆ ಊರುಗಳು. ಗುಡ್ಡ ಹತ್ತಿದರೆ ಹುಲ್ಲುಗಾವಲು, ಹುಲ್ಲುಗಾವಲಿನ ತುಂಬ ಕವಳೆ ಪೊದೆಗಳು. ಬೇಸಿಗೆ ಮುಗಿಯುತ್ತ ಬಂದು ಕವಳೆ ಹಣ್ಣು ಕಪ್ಪಾದಾಗ ಅಲ್ಲಿಗೆ ಕರಡಿಗಳು ಬರುತ್ತಿದ್ದವು. ಎಲ್ಲಿಂದ ಬರುತ್ತಿದ್ದವೋ ಊರಿನವರಿಗೆ ಗೊತ್ತಿರಲಿಲ್ಲ. ಹಣ್ಣು ತೀರಿದ ಮೇಲೆ ಎಲ್ಲಿಗೆ ಹೋಗುತ್ತಿದ್ದವೋ ಅದೂ ಗೊತ್ತಿರಲಿಲ್ಲ.

ಆ ಊರಿನಲ್ಲಿ ನ್ಯಾಯದ ಕಟ್ಟೆ ಇರಲಿಲ್ಲ. ಸಾಕ್ಷಿ ಕೇಳುವವರಿರಲಿಲ್ಲ, ತೀರ್ಪು ಹೇಳುವವರಿರಲಿಲ್ಲ. ಒಂದೇ ಒಂದು ಕಟ್ಟಳೆ ಇತ್ತು. ಯಾರಾದರೂ ಯಾರ ಮೇಲಾದರೂ ದೂರು ಹೇಳಿದರೆ, ಕವಳೆ ಹಣ್ಣಾಗುವ ತನಕ ಕಾಯಬೇಕು. ಹಣ್ಣಾದ ಮೇಲೆ ದೂರಿದವರೂ ದೂರು ಹೊತ್ತವರೂ ಜೊತೆಯಲ್ಲಿ ಗುಡ್ಡ ಹತ್ತಬೇಕು. ಒಂದೇ ಬಂಡೆಯ ಮೇಲೆ ಕೂತು ಕರಡಿಗಳು ಹಣ್ಣು ತಿನ್ನುವುದನ್ನು ನೋಡಬೇಕು. ನೋಡಿ ಇಳಿದು ಬರಬೇಕು.

ಇಬ್ಬರಿಗೂ ಸೇರಿ ಒಂದೇ ಬುತ್ತಿ, ಒಂದೇ ನೀರಿನ ಕೊಡ. ಕರಡಿ ಕಣ್ಣಿಗೆ ಬಿದ್ದಿರುವಷ್ಟು ಹೊತ್ತು ಮಾತಾಡುವಂತಿಲ್ಲ. ಕರಡಿ ಇಲ್ಲದಾಗ ಏನು ಬೇಕಾದರೂ ಮಾತಾಡಬಹುದು, ದೂರಿನ ಮಾತೊಂದನ್ನು ಬಿಟ್ಟು.

ಇಳಿದು ಬಂದಾಗ ಊರಬಾಗಿಲಲ್ಲಿ ಬಾಗಿಲಜ್ಜಿ ಕೂತಿರುತ್ತಾಳೆ. ಅವಳು ದೂರಿದವರನ್ನು ಮಾತ್ರ ಕೇಳುತ್ತಾಳೆ: ಇಟ್ಟುಕೊಂಡೆಯೋ, ಬಿಟ್ಟೆಯೋ? ಇಟ್ಟುಕೊಂಡೆ ಎಂದರೆ ದೂರು ಹೊತ್ತವರು ಅಲ್ಲಿಂದಲೇ ತಿರುಗಿ ಹೋಗಬೇಕು. ಅವರಿಗೆ ಯಾರೂ ಬೆಂಕಿ ಕೊಡುವುದಿಲ್ಲ, ನೀರು ಕೊಡುವುದಿಲ್ಲ. ಬಿಟ್ಟೆ ಎಂದರೆ ದೂರು ಅಲ್ಲಿಗೆ ಮುಗಿಯಿತು.

ಹೊರಗಿನವರು ಇದನ್ನು ಕೇಳಿದಾಗ, ಕರಡಿ ಹೇಗೆ ತೀರ್ಪು ಕೊಡುತ್ತದೆ ಎಂದು ಕೇಳುತ್ತಿದ್ದರು. ಊರಿನವರಿಗೆ ಆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಕರಡಿ ಹಣ್ಣು ತಿನ್ನುತ್ತದೆ ಎನ್ನುತ್ತಿದ್ದರು.

ಮೇಕೆಯ ಸಲುವಾಗಿ ಜಗಳವಾಡಿದ ಇಬ್ಬರು ನೆರೆಯವರು ಹತ್ತಿ ಹೋಗಿ, ನಗುತ್ತ ಇಳಿದು ಬಂದಿದ್ದರು. ಯಾಕೆ ನಗುತ್ತೀರಿ ಎಂದರೆ ಅವರಿಗೂ ಹೇಳಲು ಬರಲಿಲ್ಲ. ಇನ್ನೊಬ್ಬ ಮಾತ್ರ, ನೇಯುವವನು, ಇಟ್ಟುಕೊಂಡೆ ಎಂದಿದ್ದ. ಅವನು ದೂರಿದ ಹೆಂಗಸು ಸೆರಗು ಬಿಗಿದು ಹೊಳೆಯ ಕಡೆ ನಡೆದು ಹೋದಳು. ಅವಳ ಮನೆಯ ಮಾಡು ಕುಸಿದು ಈಗ ಅಲ್ಲಿ ಎಕ್ಕದ ಗಿಡ ಬೆಳೆದಿದೆ. ಆದ್ದರಿಂದ ಆ ಕಟ್ಟಳೆಯನ್ನು ಯಾರೂ ಆಟವೆಂದುಕೊಂಡಿರಲಿಲ್ಲ.

ಆ ಊರಿನ ಕುಂಬಾರಗಿತ್ತಿ ದೋಣಿಯವನ ಮೇಲೆ ದೂರು ಹೇಳಿದಳು.

ಕುಂಬಾರಗಿತ್ತಿಗೆ ಇದ್ದವನು ಒಬ್ಬನೇ ತಮ್ಮ. ತಾಯಿ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಮಡಕೆ ಮಾಡುವ ತಿಗರಿಯ ಪಕ್ಕದಲ್ಲಿ ಕೂರಿಸಿಕೊಂಡು ಅವನನ್ನು ಬೆಳೆಸಿದ್ದಳು. ದೊಡ್ಡವನಾದ ಮೇಲೆ ಅವನು ಅವಳ ಮಡಕೆಗಳನ್ನು ಹೊಳೆಯಾಚೆಯ ಊರುಗಳಿಗೆ ಹೊತ್ತು ಮಾರಿ ಬರುತ್ತಿದ್ದ. ಹಿಂದಿನ ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಹರಿಯುತ್ತಿದ್ದ ಒಂದು ಮಧ್ಯಾಹ್ನ, ಅವನನ್ನು ಕೂರಿಸಿಕೊಂಡು ಹೋದ ದೋಣಿ ನಡುನೀರಿನಲ್ಲಿ ಮಗುಚಿತು. ದೋಣಿಯವನು ದಡ ಸೇರಿದ. ತಮ್ಮ ಸೇರಲಿಲ್ಲ.

ದೋಣಿಯವನು ನಡುಗುತ್ತ ಅವಳ ಅಂಗಳದಲ್ಲಿ ನಿಂತು ಹೇಳಿದ: "ಹಿಡಿದಿದ್ದೆ ತಂಗಿ. ಕೈ ಜಾರಿತು."

ಕುಂಬಾರಗಿತ್ತಿ ತನ್ನ ಕೈಗಳನ್ನು ನೋಡಿಕೊಂಡಳು. ಮಣ್ಣು ತುಳಿದು, ಮಣ್ಣು ಕಲಸಿ, ಹಸಿ ಮಡಕೆಯನ್ನು ತಿಗರಿಯಿಂದ ಎತ್ತಿ ಎತ್ತಿ ಗಟ್ಟಿಯಾದ ಕೈಗಳು. ಆ ಕೈಯಿಂದ ಯಾವತ್ತೂ ಒಂದು ಮಡಕೆ ಜಾರಿರಲಿಲ್ಲ. ಹಿಡಿಯಬೇಕು ಅಂದುಕೊಂಡ ಕೈ ಹಿಡಿದೇ ಹಿಡಿಯುತ್ತದೆ, ಅಷ್ಟೇ ಅವಳಿಗೆ ಗೊತ್ತಿದ್ದದ್ದು.

"ಜಾರಲಿಲ್ಲ. ಕೈ ಬಿಟ್ಟೆ," ಎಂದಳು. "ನಿನ್ನ ಜೀವ ಉಳಿಸಿಕೊಳ್ಳೋಕೆ ಅವನ ಕೈ ಬಿಟ್ಟೆ."

ಎದ್ದು ಊರಬಾಗಿಲಿಗೆ ಹೋಗಿ ಅದೇ ಮಾತನ್ನು ಬಾಗಿಲಜ್ಜಿಗೆ ಹೇಳಿದಳು. ಹಾಗೆ ಹೇಳಿದ ಮೇಲೆ ಅದು ಕಟ್ಟಳೆಗೆ ಒಳಪಟ್ಟ ದೂರು. ಕವಳೆ ಹಣ್ಣಾಗುವ ತನಕ ಅವರಿಬ್ಬರೂ ಒಬ್ಬರೊಡನೊಬ್ಬರು ಮಾತಾಡುವಂತಿರಲಿಲ್ಲ. ಮಳೆ ನಿಂತಿತು, ಚಳಿ ಬಂತು, ಚಳಿ ಹೋಯಿತು. ದೋಣಿಯವನು ಹೊಸ ದೋಣಿ ಮಾಡಿಕೊಂಡು ಜನರನ್ನು ದಾಟಿಸಿದ. ಕುಂಬಾರಗಿತ್ತಿ ಮಡಕೆ ಮಾಡಿದಳು. ಅವಳು ನೀರಿಗೆ ಬಂದರೆ ಅವನು ದಡ ಬಿಟ್ಟು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ. ಅವನು ಬೀದಿಯಲ್ಲಿ ಬಂದರೆ ಅವಳು ತಿಗರಿಯನ್ನು ಜೋರಾಗಿ ತಿರುಗಿಸುತ್ತಿದ್ದಳು. ಅವಳು ಅತ್ತದ್ದನ್ನು ಯಾರೂ ನೋಡಲಿಲ್ಲ. ಅಳುವುದಕ್ಕೆ ಬೇಕಾದ ಜಾಗದಲ್ಲೆಲ್ಲ ದೂರು ಕೂತಿತ್ತು.

ಬಿಸಿಲು ಬಲಿಯಿತು. ಗುಡ್ಡದ ಕಡೆಯಿಂದ ಕವಳೆಯ ಸಿಹಿ ವಾಸನೆ ಬಂತು. ಬಾಗಿಲಜ್ಜಿ ಇಬ್ಬರನ್ನೂ ಕರೆಸಿದಳು.

ಕರಡಿಗೆ ಮನುಷ್ಯರ ವಾಸನೆ ಹತ್ತಬಾರದೆಂದು ಅಜ್ಜಿ ಕವಳೆ ಸೊಪ್ಪನ್ನು ಅರೆದು ಇಬ್ಬರ ಹಣೆಗೂ ಕತ್ತಿಗೂ ಕೈಗೂ ಹಚ್ಚಿದಳು. ಬುತ್ತಿಯನ್ನು ಅವನ ಹೆಗಲಿಗೆ ಹಾಕಿದಳು, ಕೊಡವನ್ನು ಅವಳ ಸೊಂಟಕ್ಕೆ ಕೊಟ್ಟಳು.

"ಹೋಗಿ ನೋಡಿ ಬನ್ನಿ," ಎಂದಳು. ಹೋಗುವವರಿಗೆ ಅವಳು ಹೇಳುತ್ತಿದ್ದದ್ದು ಅಷ್ಟೇ.

ಅವನು ಮುಂದೆ, ಅವಳು ಹಿಂದೆ. ಹುಲ್ಲು ಒಣಗಿ ಹಳದಿಯಾಗಿತ್ತು. ಬಂಡೆ ಹುಲ್ಲುಗಾವಲಿನ ನಡುವೆ ಆನೆಯ ಬೆನ್ನಿನ ಹಾಗೆ ಎದ್ದಿತ್ತು. ಹಿಂಬದಿಯಿಂದ ಹತ್ತಬಹುದು, ಮುಂಬದಿ ಇಳಿಜಾರು, ಇಳಿಜಾರು ಮುಗಿದಲ್ಲಿ ಕವಳೆ ಪೊದೆಗಳು. ಬಂಡೆಯ ಆ ತುದಿಗೆ ಅವನು ಕೂತ, ಈ ತುದಿಗೆ ಅವಳು ಕೂತಳು. ನಡುವೆ ಕೊಡ.

ಮೊದಲ ದಿನ ಕರಡಿ ಬರಲಿಲ್ಲ. ಹಣ್ಣು ಗೊಂಚಲು ಗೊಂಚಲಾಗಿ ಕಪ್ಪಗೆ ಹೊಳೆಯುತ್ತಿತ್ತು. ಹಕ್ಕಿಗಳು ಬಂದು ತಿಂದು ಹೋದವು. ಕರಡಿ ಕಾಣದಿದ್ದುದರಿಂದ ಮಾತಾಡಬಹುದಿತ್ತು. ಆದರೆ ದೂರನ್ನು ಬಿಟ್ಟರೆ ಅವರ ನಡುವೆ ಇನ್ನೇನು ಮಾತಿದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ದೋಣಿಯವನು, "ಕಲ್ಲು ಕಾದಿದೆ. ಬೇಕಾದ್ರೆ ಈ ಕಡೆ ನೆರಳಿಗೆ ಬಾ," ಎಂದ.

"ಬೇಡ," ಎಂದಳು.

ಸಂಜೆ ಗುಡ್ಡದ ನಡುವಿನ ಕಲ್ಲುಮಂಟಪಕ್ಕೆ ಇಳಿದು ಅವಳು ಒಳಗೆ, ಅವನು ಹೊರಗೆ ಮಲಗಿದರು. ಬೆಳಗಾದ ಮೇಲೆ ಮತ್ತೆ ಹತ್ತಿದರು.

ಆ ದಿನವೂ ಬರಲಿಲ್ಲ. ಬುತ್ತಿಯ ಹುರಿಟ್ಟನ್ನು ನೀರಿನಲ್ಲಿ ಕಲಸಿ ಅವನು ಎರಡು ಪಾಲು ಮಾಡಿದ. ದೊಡ್ಡ ಪಾಲನ್ನು ಅವಳ ಕಡೆ ಸರಿಸಿದ. ಅವಳು ಅದನ್ನು ನೋಡಿ, ಅದರಲ್ಲಿ ಒಂದು ತುತ್ತು ಮುರಿದು ಅವನ ಪಾಲಿಗೆ ಸೇರಿಸಿದಳು. ಪ್ರೀತಿಯಿಂದಲ್ಲ, ಅವನ ಋಣ ತನಗೆ ಬೇಡವೆಂದು.

ತಿಂದು ಮುಗಿದ ಮೇಲೆ ಅವಳೇ ಕೇಳಿದಳು, "ಹೊಳೆ ಹೇಗಿದೆ?"

"ಇಳಿದಿದೆ. ದಡದ ಹತ್ತಿರ ಮೊಣಕಾಲು ಮಟ್ಟ. ದೋಣಿಯ ತಳ ಮರಳಿಗೆ ಉಜ್ಜುತ್ತೆ."

"ಜನ ಹತ್ತುತ್ತಾರಾ?"

"ಹತ್ತುತ್ತಾರೆ. ಮಾತಾಡಲ್ಲ." ಬುತ್ತಿಯ ಬಟ್ಟೆ ಕೊಡವುತ್ತ ಅವನೇ ಹೇಳಿದ, "ಮೊದಲು ಎಲ್ಲರೂ ಮಾತಾಡ್ತಿದ್ರು. ದಾಟೋ ಅಷ್ಟರಲ್ಲಿ ಮನೆಯದೆಲ್ಲ ಹೇಳ್ತಿದ್ರು. ಈಗ ನೀರಿನ ಸದ್ದು ಮಾತ್ರ."

ತನ್ನ ಅಂಗಳದಲ್ಲೂ ಈಗ ತಿಗರಿಯ ಸದ್ದು ಮಾತ್ರ ಎಂದು ಕುಂಬಾರಗಿತ್ತಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಅವಳಿಗೆ ಸಿಟ್ಟು ಬಂತು.

ಮರುದಿನ ಬೆಳಗ್ಗೆ ಬಿಸಿಲು ಇನ್ನೂ ಎಳೆಯದಾಗಿರುವಾಗ ಕರಡಿ ಬಂತು.

ಮೊದಲು ಸದ್ದು ಬಂತು, ಯಾರೋ ಬಿಸಿ ಗಂಜಿಯನ್ನು ಸೊರಸೊರ ಎಳೆದು ಕುಡಿಯುವ ಸದ್ದು. ಆಮೇಲೆ ಪೊದೆ ಅಲುಗಿತು. ಆಮೇಲೆ ಕಪ್ಪು ಜೂಲಿನ ಒಂದು ದೊಡ್ಡ ಮುದ್ದೆ ಹುಲ್ಲಿನಿಂದ ಹೊರಗೆ ಬಂತು. ಅದರ ಬೆನ್ನ ಮೇಲೆ ಎರಡು ಮರಿಗಳು ಕೂದಲು ಹಿಡಿದು ಕೂತಿದ್ದವು. ತಾಯಿ ಹಿಂಗಾಲ ಮೇಲೆ ಎದ್ದು, ಮುಂಗಾಲಿನಿಂದ ಕೊಂಬೆ ಬಗ್ಗಿಸಿ, ತುಟಿಯನ್ನು ಮುಂದೆ ಚಾಚಿ, ಮುಳ್ಳಿನ ನಡುವಿನಿಂದ ಒಂದೊಂದೇ ಹಣ್ಣನ್ನು ಬಿಡಿಸಿತು. ಅಷ್ಟು ದೊಡ್ಡ ಉಗುರಿನ ಪ್ರಾಣಿ, ಅಷ್ಟು ಸಣ್ಣ ಹಣ್ಣು. ಎದ್ದು ನಿಂತಾಗ ಅದರ ಎದೆಯ ಮೇಲೆ ಬಿಳಿಯ ಗೆರೆ ಕಂಡಿತು. ಮರಿಗಳು ಜಾರಿ ಇಳಿದು, ನೆಲಕ್ಕೆ ಬಿದ್ದ ಹಣ್ಣುಗಳನ್ನು ಹುಡುಕಿದವು. ಅವುಗಳ ಮೂತಿ ನೇರಳೆಯಾಯಿತು.

ಇಬ್ಬರೂ ಉಸಿರು ಸಣ್ಣ ಮಾಡಿಕೊಂಡು ನೋಡಿದರು. ಕರಡಿ ಒಂದು ಪೊದೆ ಮುಗಿಸಿ ಇನ್ನೊಂದಕ್ಕೆ ಬಂತು. ಅದು ಮುಗಿಸಿ ಇನ್ನೊಂದಕ್ಕೆ ಬಂತು. ಕರಡಿಗೆ ಅವರ ಸುದ್ದಿ ಬೇಕಿರಲಿಲ್ಲ. ಯಾರು ದೂರಿದವರು, ಯಾರು ದೂರು ಹೊತ್ತವರು ಎಂದು ಅದಕ್ಕೆ ತಿಳಿಯಬೇಕಿರಲಿಲ್ಲ. ಅದು ಹಣ್ಣು ತಿನ್ನುತ್ತಿತ್ತು. ನೋಡುತ್ತ ನೋಡುತ್ತ ಕುಂಬಾರಗಿತ್ತಿಗೆ, ಈ ಹೊತ್ತಿನಲ್ಲಿ ತಾನು ತಮ್ಮನನ್ನು ನೆನೆಯುತ್ತಿಲ್ಲ ಎಂದು ಗೊತ್ತಾಯಿತು. ಮಳೆಗಾಲದಿಂದ ಈಚೆಗೆ ಅಂಥ ಹೊತ್ತು ಒಂದೂ ಇರಲಿಲ್ಲ.

ತಿನ್ನುತ್ತ ಕರಡಿ ಬಂಡೆಯ ಬುಡಕ್ಕೆ ಬಂತು. ಒಂದು ಮರಿ ಕಣ್ಣಿಗೆ ಮರೆಯಾಯಿತು. ಅದನ್ನು ನೋಡಲೆಂದು ಅವಳು ಸ್ವಲ್ಪ ಮುಂದೆ ಸರಿದಳು. ಅವಳ ಸೆರಗು ಕೊಡಕ್ಕೆ ತಾಗಿತು. ಕೊಡ ವಾಲಿ, ಇಳಿಜಾರಿನ ಕಡೆ ಉರುಳಲು ತೊಡಗಿತು.

ದೋಣಿಯವನು ಕೊಡ ಹಿಡಿಯಲು ಕೈ ಚಾಚಿ ಮುಂದೆ ಬಾಗಿದ. ಅವನ ಕಾಲ ಕೆಳಗೆ ಬಂಡೆಗೆ ಹತ್ತಿದ್ದ ಒಣ ಪಾಚಿ ಪುಡಿಯಾಯಿತು. ಕೊಡ ಹೋಯಿತು. ಅವನೂ ಅದರ ಹಿಂದೆ ಜಾರಿದ.

ಕುಂಬಾರಗಿತ್ತಿ ಹೊಟ್ಟೆಯ ಮೇಲೆ ಬಿದ್ದು ಅವನ ಕೈ ಹಿಡಿದಳು. ಹಿಡಿಯಬೇಕೋ ಬೇಡವೋ ಎಂದು ಯೋಚಿಸಲಿಲ್ಲ. ಅವನು ಯಾರೆಂದು ನೆನೆಯಲಿಲ್ಲ. ಎರಡೂ ಕೈಯಿಂದ ಅವನ ಮಣಿಕಟ್ಟನ್ನು ಹಿಡಿದು, ಮೊಣಕಾಲನ್ನು ಕಲ್ಲಿನ ಬಿರುಕಿಗೆ ಒತ್ತಿ, ಹಲ್ಲು ಕಚ್ಚಿ ಎಳೆದಳು. ಮಡಕೆ ಜಾರಿಸದ ಕೈಗಳು ಅವು. ಇದ್ದ ಬದ್ದ ಬಲವೆಲ್ಲ ಆ ಬೆರಳುಗಳಿಗೆ ಬಂತು. ಅವನು ಕೆಳಗಿನಿಂದ ಅವಳ ಮುಖವನ್ನೇ ನೋಡುತ್ತಿದ್ದ. ಅವನ ಮಣಿಕಟ್ಟು ಅವಳ ಬೆರಳುಗಳಲ್ಲಿ ಅಂಗೈ ಆಯಿತು. ಅಂಗೈ ಬೆರಳಾಯಿತು. ಬೆರಳು ತುದಿಯಾಯಿತು.

ಕೈ ಜಾರಿತು.

ಅವನು ಇಳಿಜಾರಿನ ಉದ್ದಕ್ಕೂ ಉರುಳಿ ಕವಳೆ ಪೊದೆಯೊಳಕ್ಕೆ ಬಿದ್ದ. ಮೊದಲೇ ಉರುಳಿ ಒಡೆದ ಕೊಡ ಅವನ ಪಕ್ಕದಲ್ಲೇ ಬಿದ್ದಿತ್ತು.

ಕರಡಿ ಎದ್ದು ನಿಂತಿತು.

ಕುಂಬಾರಗಿತ್ತಿಯ ಬಾಯಿಗೆ ಕೂಗು ಬಂತು. ಕರಡಿ ಕಣ್ಣೆದುರಿಗಿತ್ತು. ಕೂಗಿದರೆ ಕಟ್ಟಳೆ ಮುರಿಯುವುದು ಹಾಗಿರಲಿ, ಕರಡಿ ಬೆದರಿದರೆ ಅವನನ್ನು ಸೀಳಿ ಹಾಕುತ್ತದೆ. ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮರಿಗಳೆರಡೂ ಓಡಿ ಬಂದು ತಾಯಿಯ ಬೆನ್ನು ಹತ್ತಿದವು. ತಾಯಿ ಮೂತಿಯನ್ನು ಮೇಲೆತ್ತಿ ಆ ಕಡೆ ಈ ಕಡೆ ಗಾಳಿ ಮೂಸಿತು. ಪೊದೆಯೊಳಗೆ ದೋಣಿಯವನು ಅಂಗಾತ ಬಿದ್ದಿದ್ದ, ಕಣ್ಣು ತೆರೆದಿತ್ತು, ಅಲುಗುತ್ತಿರಲಿಲ್ಲ.

ಕರಡಿ ನಾಲ್ಕೂ ಕಾಲ ಮೇಲೆ ಇಳಿಯಿತು. ಹುಲ್ಲನ್ನು ಸರಿಸುತ್ತ ಅವನ ಹತ್ತಿರಕ್ಕೆ ಬಂತು. ಒಡೆದ ಕೊಡದ ತಳದಲ್ಲಿ ಸ್ವಲ್ಪ ನೀರು ನಿಂತಿತ್ತು. ಅದನ್ನು ನೆಕ್ಕಿತು. ತಲೆ ಎತ್ತಿತು. ಆಮೇಲೆ, ಅವನ ಎದೆಯ ಮೇಲೆ ಬಾಗಿದ್ದ ಕೊಂಬೆಯನ್ನು ಎಳೆದುಕೊಂಡು ಹಣ್ಣು ತಿನ್ನತೊಡಗಿತು.

ಅದಕ್ಕೆ ಅವಸರವಿರಲಿಲ್ಲ. ಮಾಗಿದ ಹಣ್ಣು ಆರಿಸಿ ತಿಂದಿತು, ಕಾಯಿಯನ್ನು ಬಿಟ್ಟಿತು. ಕೊಂಬೆ ಅಲುಗಿದಾಗ ಹಣ್ಣುಗಳು ಅವನ ಎದೆಯ ಮೇಲೆ, ಕತ್ತಿನ ಮೇಲೆ ಉದುರಿದವು. ಬೆನ್ನ ಮೇಲಿನ ಮರಿ ಬಗ್ಗಿ ಅವನ ಕಡೆ ನೋಡಿ, ಆಕಳಿಸಿ, ತಾಯಿಯ ಕೂದಲಿನಲ್ಲಿ ಮುಖ ಹುದುಗಿಸಿತು. ಬಂಡೆಯ ಮೇಲೆ ಕುಂಬಾರಗಿತ್ತಿ ಕಲ್ಲಾಗಿದ್ದಳು. ಅವಳ ಮನಸ್ಸಿನಲ್ಲಿ ಒಂದೇ ಮಾತು ತಿರುಗುತ್ತಿತ್ತು: ತಿಂದು ಹೋಗು ತಾಯಿ, ತಿಂದು ಹೋಗು.

ಕರಡಿ ತಿಂದಿತು. ಮುಂದಿನ ಪೊದೆಗೆ ಹೋಯಿತು. ಅಲ್ಲಿಂದ ಇನ್ನೊಂದಕ್ಕೆ ಹೋಯಿತು. ಹಳದಿ ಹುಲ್ಲಿನಲ್ಲಿ ಕಪ್ಪು ಬೆನ್ನು ಸಣ್ಣದಾಗುತ್ತ ಹೋಗಿ, ಗುಡ್ಡದ ಅಂಚಿನಲ್ಲಿ ಇಳಿದು ಮರೆಯಾಯಿತು.

ಸೆರಗು ಬಾಯಿಂದ ಬಿತ್ತು. "ಅಣ್ಣಾ," ಎಂದು ಕರೆದಳು.

ಹಿಂದೆಲ್ಲ ಅವಳು ಅವನನ್ನು ಕರೆಯುತ್ತಿದ್ದದ್ದು ಹಾಗೆಯೇ. ಬಂಡೆಯ ಹಿಂಬದಿಯಿಂದ ಇಳಿದು, ಸುತ್ತು ಹಾಕಿಕೊಂಡು, ಎಡವುತ್ತ ಓಡಿದಳು.

"ಇದ್ದೀನಿ," ಎಂದ ಅವನು ಪೊದೆಯೊಳಗಿನಿಂದ.

"ಏಳೋಕಾಗ್ತದಾ? ಎಲ್ಲಿ ಪೆಟ್ಟಾಯ್ತು?"

"ಪೆಟ್ಟೇನಿಲ್ಲ. ಮುಳ್ಳು. ಬೆನ್ನೆಲ್ಲ ಮುಳ್ಳು."

ಅವನನ್ನು ಎಬ್ಬಿಸಿ ಕೂರಿಸಿ, ಬೆನ್ನಿನ ಮುಳ್ಳುಗಳನ್ನು ಒಂದೊಂದಾಗಿ ಕಿತ್ತಳು. ಅವನ ಅಂಗಿಯ ಮೇಲೆಲ್ಲ ಹಣ್ಣಿನ ರಸ ಹರಡಿತ್ತು, ಮೊದಲು ನೋಡಿದಾಗ ಅವಳು ಅದನ್ನು ರಕ್ತವೆಂದುಕೊಂಡಿದ್ದಳು. ಕೀಳುತ್ತ ಕೀಳುತ್ತ ನಡುವೆ ನಿಲ್ಲಿಸಿ ತನ್ನ ಅಂಗೈ ನೋಡಿಕೊಂಡಳು. ಏನೋ ಹೇಳಲು ಬಾಯಿ ತೆರೆದಳು. ಆದರೆ ಅದು ದೂರಿನ ಮಾತು, ಅಲ್ಲಿ ಆಡುವಂತಿರಲಿಲ್ಲ. ಅವನಿಗೂ ಹೇಳುವುದಿತ್ತು.

"ನೀನು ಗಟ್ಟಿಯಾಗೇ ಹಿಡಿದಿದ್ದೆ ತಂಗಿ," ಎಂದ ಕೊನೆಗೆ. ಅದು ದೂರಿನ ಮಾತಲ್ಲ. ಅದು ಆಗತಾನೇ ಆದದ್ದರ ಮಾತು.

ಅವಳು ತಲೆಯಾಡಿಸಿದಳು. ಮತ್ತೊಂದು ಮುಳ್ಳು ಕಿತ್ತಳು.

ಇಳಿಯುವಾಗ ಅವನು ಕುಂಟುತ್ತಿದ್ದ. ಕಡಿದಾದ ಕಡೆ ಅವಳ ಹೆಗಲು ಹಿಡಿದುಕೊಂಡ. ಊರು ಕಾಣುವ ತಿರುವಿನಲ್ಲಿ ಹೊಳೆಯೂ ಕಂಡಿತು, ಬಿಸಿಲಿಗೆ ಸಣ್ಣಗೆ ಹೊಳೆಯುತ್ತಿತ್ತು. ಅಲ್ಲಿ ಅವನು ಒಂದು ಗಳಿಗೆ ನಿಂತ. ಬಾಗಿಲಲ್ಲಿ ಏನು ಹೇಳುವಳೆಂದು ಅವಳು ಇನ್ನೂ ತಿಳಿಸಿರಲಿಲ್ಲ, ಅವನು ಕೇಳುವಂತೆಯೂ ಇರಲಿಲ್ಲ. ಹೊಳೆಯನ್ನು ಕೊನೆಯ ಸಲ ನೋಡುವವನ ಹಾಗೆ ನೋಡಿ, ಮತ್ತೆ ನಡೆದ.

ಊರಬಾಗಿಲಲ್ಲಿ ಜನ ಸೇರಿದ್ದರು. ಬಾಗಿಲಜ್ಜಿ ಕೂತಲ್ಲಿಂದಲೇ ಕೇಳಿದಳು, "ನೋಡಿದ್ರಾ?"

"ನೋಡಿದ್ವಿ," ಎಂದರು ಇಬ್ಬರೂ.

"ಇಟ್ಟುಕೊಂಡೆಯೋ, ಬಿಟ್ಟೆಯೋ?"

ಕುಂಬಾರಗಿತ್ತಿ ನೆಟ್ಟಗೆ ನಿಂತಳು. "ಅಜ್ಜಿ, ಹೊಳೆಯಲ್ಲಿ ಏನಾಯ್ತು ಅಂತ ನನಗೆ ಗೊತ್ತಿಲ್ಲ. ನಾನು ಅಲ್ಲಿರಲಿಲ್ಲ. ಗೊತ್ತಿದೆ ಅಂದುಕೊಂಡಿದ್ದೆ. ಕೈ ಜಾರ್ತದೆ ಅಜ್ಜಿ. ಎಷ್ಟೇ ಗಟ್ಟಿ ಹಿಡಿದರೂ ಜಾರ್ತದೆ. ನನ್ನ ಕೈಯೇ ಜಾರಿತು."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಗಿಲಲ್ಲಿ ಯಾರೂ ಅಷ್ಟು ಮಾತಾಡಿದ್ದಿಲ್ಲ.

"ನಾನು ಕೇಳಿದ್ದು ಎರಡೇ ಮಾತು, ಮಗಾ," ಎಂದಳು ಬಾಗಿಲಜ್ಜಿ ಮೆಲ್ಲಗೆ.

"ಬಿಟ್ಟೆ," ಎಂದಳು ಕುಂಬಾರಗಿತ್ತಿ.

ದೋಣಿಯವನು ನಿಂತಲ್ಲೇ ನೆಲಕ್ಕೆ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಯಾರೋ ನೀರು ತಂದರು. ಯಾರೋ ಅವನ ಮನೆಯ ಒಲೆಗೆ ಕೆಂಡ ಒಯ್ದರು. ಹಿಂದಿನಿಂದ ಒಬ್ಬ ಮುದುಕ, ನಾಳೆ ಸಂತೆಗೆ ನನ್ನನ್ನು ದಾಟಿಸುತ್ತೀಯಾ, ನಮ್ಮ ಸೊಸೆಯ ವಿಷಯ ಹೇಳುವುದಿದೆ ಎಂದ. ಜನರ ಎದೆಯಿಂದ ಒಂದು ದೊಡ್ಡ ಉಸಿರು ಹೊರಗೆ ಬಂತು. ಅವರು ತಂತಮ್ಮ ಮನೆಗಳಿಗೆ ಹೋದರು.

ಸಂಜೆ ಇನ್ನೂ ಬೆಳಕಿರುವಾಗ ಕುಂಬಾರಗಿತ್ತಿ ಹೊಳೆಯ ದಡಕ್ಕೆ ಬಂದಳು. ದೋಣಿಯವನು ದೋಣಿಯ ಅಂಚಿನಲ್ಲಿ ಕೂತು ಬೆನ್ನಿಗೆ ಎಣ್ಣೆ ಹಚ್ಚಿಕೊಳ್ಳಲು ಒದ್ದಾಡುತ್ತಿದ್ದ. ಅವಳನ್ನು ನೋಡಿ ಅಭ್ಯಾಸದಂತೆ ಸರಿದು ನಿಲ್ಲಲು ಎದ್ದ.

"ಕೂತ್ಕೋ ಅಣ್ಣ," ಎಂದಳು. ತಾನೂ ಮರಳಿನಲ್ಲಿ ಕೂತಳು. ಆಮೇಲೆ, ಇಷ್ಟು ತಿಂಗಳು ತಾನು ಕೇಳಲಾಗದೆ ಇದ್ದುದನ್ನು ಕೇಳಿದಳು.

"ಆವತ್ತು ದೋಣಿಯಲ್ಲಿ ಅವನು ಏನು ಮಾತಾಡ್ತಿದ್ದ?"

ದೋಣಿಯವನು ಎಣ್ಣೆಯ ಬಟ್ಟಲನ್ನು ಪಕ್ಕಕ್ಕಿಟ್ಟ. "ಹೇಳಿದ್ರೆ ಬೇಜಾರು ಮಾಡ್ಕೋತೀಯ."

"ಇಲ್ಲ. ಹೇಳು."

"ನಿನ್ನ ರೊಟ್ಟಿಯ ಮಾತು," ಎಂದ ಅವನು ತಲೆ ತಗ್ಗಿಸಿ. "ನೀನು ಬುತ್ತಿ ಕಟ್ಟಿಕೊಟ್ಟಿದ್ದೆಯಲ್ಲ, ಬಿಚ್ಚಿ ನನಗೂ ಒಂದು ಕೊಟ್ಟ. ಕಚ್ಚಿದೆ, ಹಲ್ಲು ನೋವಾಯ್ತು. ಅವನು ನಕ್ಕ. ನಮ್ಮಕ್ಕ ರೊಟ್ಟಿ ಬೇಯಿಸೋದು ಒಲೆ ಮೇಲಲ್ಲ ಅಣ್ಣ, ಆವಿಗೆಯಲ್ಲಿ, ಮಡಕೆ ಜೊತೆ ಇಟ್ಟು ಸುಡ್ತಾಳೆ ಅಂದ. ಮಾರೋಕೆ ಒಯ್ದರೆ ಜನ ಮುಚ್ಚಳ ಅಂತ ಕೊಳ್ತಾರೆ ಅಂದ."

ಕುಂಬಾರಗಿತ್ತಿ ಅವನನ್ನೇ ನೋಡಿದಳು.

"ಬೈದುಕೊಂಡೇ ಎಲ್ಲಾನೂ ತಿಂದ," ಎಂದ ದೋಣಿಯವನು. "ಒಂದು ಚೂರೂ ಬಿಡಲಿಲ್ಲ. ನನ್ನ ಕೈಯಲ್ಲಿ ಉಳಿದದ್ದನ್ನೂ ಕಿತ್ತುಕೊಂಡು ತಿಂದ."

ಅವಳ ಗಂಟಲಿನಿಂದ ಒಂದು ಸದ್ದು ಬಂತು. ಅದು ಅಳುವೇ ಎಂದು ದೋಣಿಯವನು ಹೆದರಿದ. ಅದು ನಗು. ಹೊಟ್ಟೆ ಹಿಡಿದುಕೊಂಡು, ಮರಳಿನ ಮೇಲೆ ಬಗ್ಗಿ ನಕ್ಕಳು. ನಗುವಿನ ಒಳಗಿನಿಂದಲೇ ಅಳು ಬಂತು, ಬಂದದ್ದು ನಿಲ್ಲಲಿಲ್ಲ. ಅವಳು ಅದನ್ನು ತಡೆಯಲೂ ಇಲ್ಲ. ದೋಣಿಯವನು ಹತ್ತಿರ ಕೂತಿದ್ದ. ಹೊಳೆಯಾಚೆ ಯಾರೋ ದೋಣಿಗಾಗಿ ಕೂಗಿದರು. ಅವನು ಎದ್ದು ನಿಂತು, ಸ್ವಲ್ಪ ತಾಳಿ ಎಂದು ಕೈ ಎತ್ತಿ ಸನ್ನೆ ಮಾಡಿ, ಮತ್ತೆ ಅವಳ ಪಕ್ಕದಲ್ಲಿ ಕೂತುಕೊಂಡ.